ಬಳೆಯ ಅಳತೆ ಬಲ್ಲ ಆಪಾ

ಅವರ ಹೆಸರು ಬರೆಯುವುದಿಲ್ಲ. ಎಚ್‌ಐವಿ ಇರುವವರಿಗೆ ಔಷಧಿ ಕೊಡುವ ಕೇಂದ್ರದಲ್ಲಿ ಆಪ್ತಸಮಾಲೋಚಕನಾಗಿ ನಾನು ಕಲಿತ ಮೊದಲ ಪಾಠವೇ ಹೆಸರನ್ನು ಬಾಯಿಗೆ ತರಬಾರದು ಎಂಬುದು. ಇದನ್ನು ಓದಿ ಹೇಳಿದರೆ ಅವರೇ "ಬರೀರಿ ಸರ್, ನನ್ನ ಹೆಸರಿಗೇನ ಹುಳಾ ಬಿದ್ದಾವು?" ಎಂದು ಜಗಳಕ್ಕೆ ನಿಲ್ಲುತ್ತಾರೆ, ಗೊತ್ತು. ಆದರೂ ಬೇಡ. ಕೇಂದ್ರದಲ್ಲಿ ನಾವೆಲ್ಲ ಅವರನ್ನು ಆಪಾ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದೆವು. ಹಳ್ಳಿಯ ಹೆಂಗಸರಿಗೆ ಅವರು ಬಳಿ ಬೂಬವ್ವ, ಬಳೆ ಮಾರುವ ಮುಸಲ್ಮಾನರ ಅವ್ವ. ಒಬ್ಬರಿಗೆ ಎರಡು ಹೆಸರು ಸಾಕು.

ಕಳೆದ ತಿಂಗಳು ಆಪಾ ಕೆಲಸ ಬಿಟ್ಟರು. ಕಾಯಿಲೆಯಿಂದಲ್ಲ. ಮೊಣಕಾಲು ಬಸ್ಸಿನ ಮೆಟ್ಟಿಲು ಹತ್ತಲು ತಕರಾರು ಮಾಡುತ್ತಿವೆ, ಅಷ್ಟೇ. ಇಷ್ಟು ವರ್ಷ ಬದುಕಿ, ಎಲ್ಲರಿಗೂ ಬರುವ ಮೊಣಕಾಲು ನೋವು ತನಗೂ ಬಂತಲ್ಲ ಎಂದು ಅವರಿಗೆ ಒಳಗೊಳಗೇ ಹೆಮ್ಮೆ. ಬೀಳ್ಕೊಡುಗೆಗೆ ಮಿರ್ಚಿ, ಚುರಮರಿ, ಚಹಾ ತರಿಸಿದ್ದೆವು. ಡಾಕ್ಟರು ಎರಡು ಮಾತಾಡಿದರು. ನಂತರ ನನ್ನ ಸರದಿ. ದಿನವಿಡೀ ಮಾತಾಡುವುದೇ ನನ್ನ ಕೆಲಸ, ಆದರೆ ಅವತ್ತು ಬರೆದು ತಂದಿದ್ದ ಚೀಟಿಯನ್ನು ಮಡಚಿ ಮತ್ತೆ ಜೇಬಿಗಿಟ್ಟೆ. ಆಪಾ ಮಿರ್ಚಿ ಮುರಿಯುತ್ತ, "ಕುಂಡ್ರಿ ಸರ್, ಕುಂಡ್ರಿ. ಇವತ್ತರ ಪಾಪ ಮಂದಿ ಕಿವಿಗೆ ಆರಾಮ ಸಿಗಲಿ" ಎಂದರು. ಅಂದು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಗದಗ ಬೇರೆ ಜಿಲ್ಲೆಯಾಗಿ ಹಲವು ವರ್ಷ ಕಳೆದ ಮೇಲೆ ನಮ್ಮ ಕೇಂದ್ರ ತೆರೆಯಿತು. ಅದಕ್ಕೆ ಮೊದಲು ಈ ಗುಳಿಗೆಗೆ ಹುಬ್ಬಳ್ಳಿಗೆ ಹೋಗಬೇಕಿತ್ತು. ಹೋಗಲಾಗದವರು ಸುಮ್ಮನೆ ಮನೆಯಲ್ಲಿ ಸೊರಗುತ್ತಿದ್ದರು. ನಾನು ಮುಳಗುಂದದವನು. ಧಾರವಾಡದಲ್ಲಿ ಓದು ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ನನ್ನ ಮೇಜಿನ ಹಿಂದೆ ಒಂದು ದೊಡ್ಡ ಗಡಿಯಾರದ ಚಿತ್ರ ಅಂಟಿಸಿದ್ದೆ. ಬೆಳಿಗ್ಗೆ ಎಂಟು, ರಾತ್ರಿ ಎಂಟು. ಆಗೆಲ್ಲ ದಿನಕ್ಕೆ ಎರಡು ಹೊತ್ತು ನುಂಗಬೇಕಿತ್ತು. ಮೇಲಿಂದ ಮೇಲೆ ತಪ್ಪಿಸಿದರೆ ವೈರಾಣು ಆ ಔಷಧಿಗೆ ಬಗ್ಗದಂತಾಗುತ್ತದೆ, ಆಮೇಲೆ ಬೇರೆ ಔಷಧಿ ಹುಡುಕಬೇಕು, ಆಗ ಅದು ಸುಲಭಕ್ಕೆ ಸಿಗುತ್ತಿರಲಿಲ್ಲ. ಹಾಗಾಗಿ ನಾನು ಬಂದವರನ್ನೆಲ್ಲ ಮೊದಲು ಹೆದರಿಸುತ್ತಿದ್ದೆ, ಆಮೇಲೆ ಬೈಯುತ್ತಿದ್ದೆ. ಅದಕ್ಕೇ ಆಪ್ತಸಮಾಲೋಚನೆ ಎನ್ನುತ್ತಾರೆ ಎಂದು ತಿಳಿದಿದ್ದೆ.

ಕೇಂದ್ರ ತೆರೆದ ಹೊಸತರಲ್ಲಿ ಲಕ್ಷ್ಮೇಶ್ವರದಿಂದ ಒಬ್ಬ ಹೆಂಗಸು ಬಂದು ನನ್ನೆದುರು ಕುಳಿತರು. ನಲವತ್ತರ ಆಚೆ ಈಚೆ ವಯಸ್ಸು, ಒಣಗಿದ ಮೈ, ತಲೆಯ ಮೇಲೆ ಸೆರಗು, ಪಕ್ಕದಲ್ಲಿ ಒಂದು ತಗಡಿನ ಪೆಟ್ಟಿಗೆ. ನನ್ನ ಇಡೀ ಉಪದೇಶವನ್ನು ಕಣ್ಣು ಮಿಟುಕಿಸದೆ ಕೇಳಿದರು. ಕೊನೆಗೆ, "ಸರ್, ನಮ್ಮ ಮನ್ಯಾಗ ಗಡಿಯಾರ ಇಲ್ಲ. ಎಂಟಕ್ಕ ಗದಗ ಬಸ್ ನಮ್ಮ ಓಣಿ ಮುಂದ ಹಾಯ್ತೈತಿ. ಅದರ ಹಾರ್ನ್ ಕೇಳಿ ನುಂಗಲೇನ್ರಿ?" ಎಂದರು.

"ಬಸ್ಸು ತಡವಾದರೆ?" ಎಂದೆ, ತುಸು ಗಡುಸಾಗಿ.

"ತಡಾ ಆದ್ರ ಗುಳಗೀನೂ ಸ್ವಲ್ಪ ಕಾಯತೈತಿ. ನೀವ ಯಾಕ ಕಾಯವಲ್ರಿ?"

ಅದೇ ಆಪಾ. ಅವರ ಗಂಡ ಸಂತೆಯಿಂದ ಸಂತೆಗೆ ಬಳೆ ಮಾರುತ್ತಿದ್ದವರು, ಯಾವ ಕಾಯಿಲೆ ಎಂದು ಗೊತ್ತಾಗುವ ಮೊದಲೇ ತೀರಿಹೋಗಿದ್ದರು. ಮಕ್ಕಳಿಲ್ಲ. ಗಂಡನ ಪೆಟ್ಟಿಗೆಯನ್ನು ಇವರು ಎತ್ತಿಕೊಂಡಿದ್ದರು. ದಾರಕ್ಕೆ ಪೋಣಿಸಿದ ಬಳೆಗಳ ಮಲಾರ ಹೆಗಲಿಗೆ, ಪೆಟ್ಟಿಗೆ ಕಂಕುಳಿಗೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸುತ್ತಿನ ಹಳ್ಳಿಗಳಲ್ಲಿ ಅವರಿಗೆ ಗೊತ್ತಿಲ್ಲದ ಓಣಿಯಿರಲಿಲ್ಲ. ಇದನ್ನೇ ನೋಡಿ ಡಾಕ್ಟರು ಒಂದು ವರ್ಷದ ನಂತರ ಅವರನ್ನು ಕೇಂದ್ರದ ಕೆಲಸಕ್ಕೆ ಕರೆದರು. ಗುಳಿಗೆ ಒಯ್ಯಲು ಬಾರದೆ ಉಳಿದವರ ಮನೆಗೆ ಹೋಗಿ ಕಾರಣ ತಿಳಿದು ಬರುವ ಕೆಲಸ. ಆಪಾ ಒಪ್ಪಿದರು, ಆದರೆ ಬಳೆ ಬಿಡುವುದಿಲ್ಲ ಎಂದರು. "ಚೀಲಾ ಹಾಕ್ಕೊಂಡು ಬರೇ ಹೋದ್ರ ಓಣಿ ಮಂದಿ ಯಾರಾಕಿ ಅಂತ ಕೇಳತಾರ. ಬಳಿ ಪೆಟಗಿ ಇದ್ರ ಬಾ ಕುಂಡ್ರು ಅಂತಾರ." ಖರೆ ಮಾತು. ಬಳೆಗಾರ್ತಿ ಹೆಂಗಸರ ಜೊತೆ ಒಳಗೆ ಕುಳಿತು ಪಿಸುಗುಟ್ಟಿದರೆ ಯಾವ ಗಂಡಸೂ ಇಣುಕುವುದಿಲ್ಲ. ಊರಿನವರಿಗೆ ಅವರು ಬರೀ ಬಳೆಗಾರ್ತಿ. ಕೇಂದ್ರದವರು ಎಂದಾಗಲಿ, ಅವರಿಗೇ ಕಾಯಿಲೆ ಇದೆ ಎಂದಾಗಲಿ ಯಾರಿಗೂ ಗೊತ್ತಿರಲಿಲ್ಲ.

ಅವರಿಗೊಂದು ವಿದ್ಯೆಯಿತ್ತು. ಯಾರ ಜೊತೆಗೂ ಮಾತು ಶುರು ಮಾಡುವ ಮೊದಲು ಅವರ ಕೈ ತೆಗೆದುಕೊಂಡು ಗೆಣ್ಣುಗಳನ್ನು ಮೆಲ್ಲಗೆ ಒತ್ತುತ್ತಿದ್ದರು. ಬಳೆಯ ಅಳತೆ ನೋಡುವ ಅಭ್ಯಾಸ. ಒಮ್ಮೆ ಒಬ್ಬ ಹೆಂಗಸು ಗುಳಿಗೆ ತಪ್ಪದೆ ತೆಗೆದುಕೊಳ್ಳುತ್ತೇನೆ ಎಂದು ದೇವರ ಮೇಲೆ ಆಣೆ ಇಟ್ಟು ಹೋದಳು. ನಾನು ಕಾರ್ಡಿನಲ್ಲಿ 'ಉತ್ತಮ' ಎಂದು ಬರೆದೆ. ಆಪಾ ಬಗ್ಗಿ ನೋಡಿ, "ಅಳಸ್ರಿ ಅದನ್ನ" ಎಂದರು. "ಹ್ವಾದ ಪಂಚಮಿಗೆ ಆಕಿಗೆ ಎರಡು ಆರರ ಬಳಿ ಇಟ್ಟೇನಿ, ಸಾಬಾಣ ಹಚ್ಚಿ ಏರಿಸಿದ್ದೆ. ಈಗ ಅವ ಬಳಿ ಮೊಣಕೈತನಾ ಜಾರಾಕತ್ತಾವು." ಡಾಕ್ಟರು ನಕ್ಕರು. ಆದರೂ ಅವಳನ್ನು ವಾಪಸು ಕರೆಸಿ ರಕ್ತ ಪರೀಕ್ಷೆಗೆ ಕಳಿಸಿದರು. ಆಪಾ ಹೇಳಿದ್ದು ಸರಿಯಾಗಿತ್ತು. ಆಪಾ ಕೈ ಹಿಡಿದು ಕೇಳಿದಾಗ ಅವಳೇ ಎಲ್ಲ ಹೇಳಿದಳು: ಗುಳಿಗೆ ನುಂಗಿದರೆ ಹೊಟ್ಟೆ ತೊಳಸುತ್ತದೆ, ಹೊಲದ ಕೆಲಸ ಆಗುವುದಿಲ್ಲ, ಕೆಲಸವಿರುವ ದಿನ ಬಿಡುತ್ತಾಳೆ. ಡಾಕ್ಟರು ಅದಕ್ಕೆ ಬೇರೆ ಉಪಾಯ ಮಾಡಿದರು. ಬಳೆಯ ಅಳತೆಗೆ ಅವರು ಮತ್ತೆಂದೂ ನಗಲಿಲ್ಲ.

ಬೆಟಗೇರಿಯ ಒಬ್ಬ ನೇಕಾರರ ವಿಷಯ ಹೇಳಬೇಕು, ಅದರಲ್ಲಿ ನನ್ನ ಮರ್ಯಾದೆ ಹೋಗುತ್ತದೆ, ಹೋಗಲಿ. ತಿಂಗಳ ಕೊನೆಗೆ ಉಳಿದ ಗುಳಿಗೆಗಳನ್ನು ಎಣಿಸುವುದು ನಮ್ಮ ಪದ್ಧತಿ. ಅವರ ಲೆಕ್ಕ ಒಂದು ಸಲವೂ ತಪ್ಪಿದ್ದಿಲ್ಲ. ಉಳಿದವರಿಗೆಲ್ಲ ನಾನು ಅವರನ್ನೇ ತೋರಿಸಿ ಬುದ್ಧಿ ಹೇಳುತ್ತಿದ್ದೆ. ಆಪಾಗೆ ಮಾತ್ರ ಅದು ಸರಿಬರಲಿಲ್ಲ. "ವರ್ಷಾ ಆತು, ಒಂದ ದಿನಾನೂ ಮರೀಲಿಲ್ಲಂದ್ರ ಅಂವ ಮನಷ್ಯಾನ ಅಲ್ರಿ" ಎಂದವರೇ ಅವರ ಪಕ್ಕ ಕುಳಿತು, "ಅಣ್ಣಾರ, ಮರತ ದಿನ ಉಳಿದ ಗುಳಗಿ ಏನ ಮಾಡತೀರಿ?" ಎಂದು ಕೇಳಿದರು. ಮರೆತಿದ್ದೀರಾ ಎಂದು ಕೇಳಲಿಲ್ಲ, ನೋಡಿ. ನೇಕಾರರು ತಲೆ ತಗ್ಗಿಸಿ, ಮಗ್ಗದ ಕುಣಿಯೊಳಗೆ ಹಾಕಿ ಮಣ್ಣು ಮುಚ್ಚುತ್ತೇನೆ ಎಂದರು. ಯಾಕೆ? "ಈ ಸರ್ ಬೈತಾರ್ರಿ."

ನನಗೆ ಮುಖ ಎತ್ತಲಾಗಲಿಲ್ಲ. ಅವರು ಹೋದ ಮೇಲೆ ಆಪಾ ನನ್ನನ್ನು ಬಿಟ್ಟುಬಿಡಬಹುದಿತ್ತು, ಬಿಡಲಿಲ್ಲ. "ನಿಮ್ಮ ಸಿಟ್ಟು ಛಲೋ ಐತ್ರಿ ಸರ್, ಕಾಳಜಿಯಿಂದ ಬರತೈತಿ. ಆದ್ರ ಅದನ್ನ ನುಂಗಾಕ ಅವರಿಗೆ ಆಗೂದಿಲ್ಲ. ಗುಳಗಿ ಒಂದ ನುಂಗಲಿ, ಸಾಕು." ಮರುದಿನ ನಾನು ಗಡಿಯಾರದ ಚಿತ್ರ ಕಿತ್ತು ಹಾಕಿದೆ. ಸಿಟ್ಟು ಕೀಳಲು ಇನ್ನೂ ಕೆಲವು ವರ್ಷ ಹಿಡಿಯಿತು.

ರಂಜಾನ್ ಬಂದರೆ ಒಂದಿಷ್ಟು ಜನ ಗುಳಿಗೆ ಬಿಟ್ಟು ರೋಜಾ ಉಪವಾಸ ಹಿಡಿಯುತ್ತಿದ್ದರು. ರೋಜಾ ಬಿಡಿ ಎಂದು ನಾನು ಹೇಳಿದರೆ ಕೇಂದ್ರಕ್ಕೇ ಬರುತ್ತಿರಲಿಲ್ಲ. ಆಪಾ ಡಾಕ್ಟರ ಬಳಿ ಹೋಗಿ, ನಸುಕಿನ ಸಹರಿ ಊಟಕ್ಕೆ ಒಂದು, ಸಂಜೆ ರೋಜಾ ಬಿಡುವಾಗ ಒಂದು, ಹೀಗೆ ನುಂಗಿದರೆ ನಡೆಯುತ್ತದೆಯೇ ಎಂದು ಕೇಳಿ ಒಪ್ಪಿಗೆ ತಂದರು. ಮೊದಲು ತಾವೇ ಮಾಡಿ ತೋರಿಸಿದರು. ತಿಂಗಳಿಗೊಮ್ಮೆ ಎಲ್ಲರೂ ಸೇರಿ ಮಾತಾಡುವ ಸಭೆಗೆ ಆಸ್ಪತ್ರೆಯ ಕೋಣೆಯಾದರೆ ಒಬ್ಬರೂ ಬರುತ್ತಿರಲಿಲ್ಲ. ಅದನ್ನು ಬಿಂಕದಕಟ್ಟಿಯ ಮೃಗಾಲಯಕ್ಕೆ ಸಾಗಿಸಿದವರೂ ಅವರೇ. "ಪ್ರಾಣಿ ನೋಡಾಕ ಹೊಂಟೇವಿ ಅಂದ್ರ ಯಾರ ಏನಂತಾರ?" ಬುತ್ತಿ ಬಿಚ್ಚಿ ಮರದ ಕೆಳಗೆ ಕುಳಿತರೆ ಜನ ಬಾಯಿ ಬಿಡುತ್ತಿದ್ದರು. ಡಬ್ಬಿಯಲ್ಲಿ ಗುಳಿಗೆ ಗಲಗಲ ಸದ್ದು ಮಾಡಿದರೆ ಮನೆಯವರಿಗೆ ಗೊತ್ತಾಗುತ್ತದೆ ಎಂದು ಒಳಗೆ ಅರಳೆ ತುರುಕುವ ಉಪಾಯ ಅಲ್ಲೇ ಒಬ್ಬರಿಂದೊಬ್ಬರಿಗೆ ಹಬ್ಬಿತು. ನನ್ನ ಯಾವ ಪುಸ್ತಕದಲ್ಲೂ ಅದು ಇರಲಿಲ್ಲ.

ಅಂಥದೊಂದು ದಿನ, ಕೃಷ್ಣಮೃಗಗಳ ಬೇಲಿಯ ಹತ್ತಿರ, ಆಪಾ ತಮ್ಮ ಕಥೆ ಹೇಳಿದರು. ಮೊದಲ ವರ್ಷ ಅವರೂ ಒಂದು ತಿಂಗಳು ಗುಳಿಗೆ ಬಿಟ್ಟಿದ್ದರಂತೆ. ನಾನು ದಂಗಾದೆ. ಹೊಟ್ಟೆ ತೊಳಸುತ್ತಿತ್ತೇ? ಇಲ್ಲ. ಯಾರಾದರೂ ನೋಡಿದರೇ? ಇಲ್ಲ.

"ನುಂಗಿದೀಯೇನ ಅಂತ ಕೇಳಾವ್ರ ಒಬ್ಬರೂ ಇರಲಿಲ್ರಿ ಸರ್. ಯಾರ ಸಲುವಾಗಿ ನುಂಗಲಿ ಅನಿಸಿತು."

"ಆಮೇಲೆ?"

"ಆಮ್ಯಾಲ ತಡಾ ಮಾಡಿ ಬಂದ್ರಿ ಅಂತ ನೀವು ಬೈದ್ರಿ. ಬೈಯಾಕರ ಒಬ್ಬಾಂವ ಅದಾನಲ್ಲಾ ಅಂತ ಮತ್ತ ಸುರು ಮಾಡಿದೆ" ಎಂದು ನಕ್ಕರು. ಅದು ತಮಾಷೆಯೋ ನಿಜವೋ ನನಗೆ ಇವತ್ತಿಗೂ ತಿಳಿದಿಲ್ಲ. ಆದರೆ ಆ ಮಾತು ಮನಸ್ಸಿನಲ್ಲಿ ಕುಳಿತುಬಿಟ್ಟಿತು.

ಇಷ್ಟು ಬಲ್ಲ ಆಪಾ ಒಮ್ಮೆ ತಪ್ಪಿದರು. ನಾನೂ ತಪ್ಪಿದೆ. ಆ ತಪ್ಪಿಗೆ ಒಂದು ಜೀವ ಹೋಗುವುದರಲ್ಲಿತ್ತು.

ಮುಂಡರಗಿ ಆಚೆ, ಕೊರ್ಲಹಳ್ಳಿ ಬಸ್ಸು ಹೋಗುವ ದಾರಿಯಲ್ಲಿ, ಹೊಳೆದಂಡೆಯ ಒಂದು ಊರು. ಅಲ್ಲಿಯ ಒಂದು ಒಕ್ಕಲುತನದ ಮನೆಯ ಸೊಸೆ ನಮ್ಮಲ್ಲಿಗೆ ಬರುತ್ತಿದ್ದಳು. ಇಪ್ಪತ್ತೈದೂ ತುಂಬಿರಲಿಲ್ಲ. ಗಂಡ ಇದೇ ಕಾಯಿಲೆಯಿಂದ ತೀರಿಕೊಂಡಿದ್ದ, ಆದರೆ ಮನೆಯವರಿಗೆ ಅದು ಕ್ಷಯ ಎಂದೇ ಗೊತ್ತು. ಒಂದು ಹೆಣ್ಣು ಮಗು, ಅದಕ್ಕೆ ಕಾಯಿಲೆಯಿಲ್ಲ. ಅತ್ತೆ ಮಾವನ ಜೊತೆ ಇದ್ದಳು. ಶಿರಹಟ್ಟಿಯ ತವರಿಗೆ ಹೋಗುತ್ತೇನೆಂದು ಹೇಳಿ ತಿಂಗಳಿಗೊಮ್ಮೆ ಗದಗಿಗೆ ಬಂದು ಗುಳಿಗೆ ಒಯ್ಯುತ್ತಿದ್ದಳು. ಅತ್ತೆಗೆ ಗೊತ್ತಾದರೆ ಮನೆಯಿಂದ ಹೊರಗೆ ಹಾಕುತ್ತಾರೆ, ಮಗುವನ್ನು ಇಟ್ಟುಕೊಳ್ಳುತ್ತಾರೆ ಎಂಬುದೊಂದೇ ಅವಳ ಭಯ. ಪದೇ ಪದೇ ತವರಿಗೆ ಯಾಕೆ ಎಂದು ಅತ್ತೆ ಕೇಳತೊಡಗಿದಾಗ ಬರುವುದು ನಿಂತಿತು. ನಾನು ಡಾಕ್ಟರ ಒಪ್ಪಿಗೆ ಪಡೆದು, ಅವಳ ಊರು, ಓಣಿ ಚೀಟಿಯಲ್ಲಿ ಬರೆದು ಆಪಾಗೆ ಕೊಟ್ಟೆ. ಆಪಾ ಒಂದು ಖಾಲಿ ಬಳೆ ಡಬ್ಬಿಯಲ್ಲಿ ಅವಳ ತಿಂಗಳ ಗುಳಿಗೆ ಇಟ್ಟು, ಮಲಾರ ಹೊತ್ತು ಹೋಗಿ ಕೊಟ್ಟು ಬಂದರು. ಮರು ತಿಂಗಳೂ ಹೋದರು. ಎಂಥ ಛಲೋ ಏರ್ಪಾಡು ಎಂದು ಇಬ್ಬರೂ ಬೆನ್ನು ಚಪ್ಪರಿಸಿಕೊಂಡೆವು.

ಮೂರನೇ ಸಲ ಹೋದಾಗ ಓಣಿಯ ಬಾಯಲ್ಲೇ ಒಬ್ಬಾಕೆ ಅಡ್ಡ ನಿಂತು ಕೇಳಿದಳಂತೆ: "ಯಾಕ ಬೂಬವ್ವ, ಗಂಡ ಸತ್ತಾಕಿ ಮನಿಗೆ ತಿಂಗಳಾ ತಿಂಗಳಾ ಬಳಿ ಪೆಟಗಿ ಹೊಕ್ಕೈತಲ್ಲ, ಯಾರ ಹೆಸರಿನ ಬಳಿ ಇಡಿಸ್ಕೊಳಾಕತ್ತಾಳ ಆಕಿ?"

ಗಂಡ ಸತ್ತವಳು ಗಾಜಿನ ಬಳೆ ಇಡುವುದಿಲ್ಲ. ಇದು ನಮ್ಮ ಕಡೆ ಕೂಸಿಗೂ ಗೊತ್ತು. ಊರವರ ಬಾಯಲ್ಲಿ ಆಗಲೇ ಕಥೆ ಹುಟ್ಟಿತ್ತು: ಅವಳಿಗೆ ಯಾರೋ ಗಂಟು ಬಿದ್ದಿದ್ದಾನೆ, ಇವತ್ತೋ ನಾಳೆಯೋ ಓಡಿಹೋಗುತ್ತಾಳೆ. ಅತ್ತೆ ಅವಳ ಸೀರೆಗಳ ನಡುವೆ ಕೈಯಾಡಿಸುವ ಮೊದಲು ಅವಳು ಗುಳಿಗೆಗಳನ್ನೆಲ್ಲ ಹೊಳೆಗೆ ಸುರಿದು ಬಂದಿದ್ದಳು. ಅತ್ತೆಯ ಕೈಗೆ ಸಿಕ್ಕಿದ್ದು ಖಾಲಿ ಬಳೆ ಡಬ್ಬಿ. ಇದಕ್ಕಿಂತ ದೊಡ್ಡ ಸಾಕ್ಷಿ ಏನು ಬೇಕು? ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಆ ಹುಡುಗಿ ಆಪಾಗೆ ಕೈಮುಗಿದು, "ನಿಮ್ಮ ಕಾಲಿಗೆ ಬೀಳತೇನಿ, ಇನ್ನ ಮ್ಯಾಲೆ ಬರಬ್ಯಾಡ್ರಿ" ಎಂದಳಂತೆ.

ಆಪಾ ವಾಪಸು ಬಂದು ನನ್ನೆದುರು ಕುಳಿತರು. "ನಾನೂ ಗಂಡ ಸತ್ತಾಕೀನ ಸರ್. ಆದ್ರ ನನ್ನ ಮನಿ ತುಂಬ ಬಳೀನ. ಅದಕ್ಕ ಇದು ನನ್ನ ತಲಿಗೆ ಹೊಳೀಲಿಲ್ಲ." ಇನ್ನೂ ಒಂದು ಹೇಳಿದರು: "ಬರಿಗೈ ನನಗ ಓದಾಕ ಬರೂದಿಲ್ರಿ. ಬಳಿ ಇದ್ದಿದ್ರ ಆಕಿ ಎಷ್ಟು ಸೊರಗ್ಯಾಳಂತ ಆಗಲೇ ತಿಳೀತಿತ್ತು." ನನಗಾದರೂ ಹೊಳೆಯಬೇಕಿತ್ತು. ಚೀಟಿ ಬರೆದವನು ನಾನು.

ಒಂದು ತಿಂಗಳು ಹೋಯಿತು. ಎರಡನೆಯದೂ ಅರ್ಧ ಕಳೆಯಿತು. ಆ ಹುಡುಗಿಯ ಕಾರ್ಡು ನನ್ನ ಮೇಜಿನ ಮೇಲೇ ಇತ್ತು; ಒಳಗಿಡಲು ಮನಸ್ಸಾಗಲಿಲ್ಲ. ಗುಳಿಗೆ ನಿಂತರೆ ಏನಾಗುತ್ತದೆಂದು ನಮ್ಮಿಬ್ಬರಿಗೂ ಚೆನ್ನಾಗಿ ಗೊತ್ತಿತ್ತು. ಒಂದು ಸೋಮವಾರ ಆಪಾ ಬಂದು, "ಹೋಗೂಣು ನಡೀರಿ. ಈ ಸಲ ಆಕಿ ಕಡೆ ಅಲ್ಲ, ಆಕಿ ಅತ್ತಿ ಕಡೆ" ಎಂದರು. ಅತ್ತೆಗೆ ಗಂಡನಿದ್ದಾನೆ. ಅತ್ತೆ ಬಳೆ ಇಡಿಸಿಕೊಂಡರೆ ಬಳೆಗಾರ್ತಿ ಆ ಮನೆಗೆ ಬರುವುದಕ್ಕೊಂದು ಕಾರಣವಾಗುತ್ತದೆ, ಹುಡುಗಿಯ ಮೇಲಿನ ಅಪವಾದ ತೊಳೆದುಹೋಗುತ್ತದೆ. ಲೆಕ್ಕಾಚಾರ ಇಷ್ಟೇ. ಆ ಹುಡುಗಿಯ ಕಾಯಿಲೆಯ ಮಾತು ಎತ್ತಕೂಡದು ಎಂದು ನಾನು ಹತ್ತು ಸಲ ಹೇಳಿದೆ. "ಆಕಿ ಮಾತು ಆಕೀದು. ನಾ ಯಾಕ ಆಡ್ಲಿ?" ಎಂದರು.

ನಾನೂ ಹೊರಟೆ, ಪೆಟ್ಟಿಗೆ ಹೊರುವವನಾಗಿ. ಧಾರವಾಡದ ಪದವಿ ಪಡೆದವನು ಬಳೆ ಪೆಟ್ಟಿಗೆ ತಲೆಯ ಮೇಲಿಟ್ಟುಕೊಂಡು ಬಸ್ಸಿನಿಂದ ಇಳಿದಾಗ ಆಪಾ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. "ಸಾವಕಾಶ ಸರ್. ಒಂದ ಒಡದ್ರೂ ನಿಮಗ ಇಡತೀನಿ."

ಮಧ್ಯಾಹ್ನದ ಹೊತ್ತು. ಅತ್ತೆ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದಳು. ನಮ್ಮನ್ನು ಕಂಡದ್ದೇ ಮೊರ ಕೆಳಗಿಟ್ಟಳು. "ಮತ್ತ ಬಂದಿಯೇನ? ನನ್ನ ಸೊಸಿ ಕೆಡಿಸಿದ್ದು ಸಾಲಲಿಲ್ಲೇನ ನಿನಗ?"

"ನಿಮ್ಮ ಸೊಸಿಗೆ ನಾ ಒಂದ ಬಳೀನೂ ಇಟ್ಟಿಲ್ಲವ್ವ. ನಿಮಗ ಇಡಾಕ ಬಂದೇನಿ" ಎನ್ನುತ್ತ ಆಪಾ ಕೆಳಗೆ ಕುಳಿತೇಬಿಟ್ಟರು. "ನೋಡ್ರಿ ನಿಮ್ಮ ಕೈ. ಮುತ್ತೈದಿ ಕೈಯಾಗ ಎರಡೆರಡ ಬಳಿ. ಎಷ್ಟ ದಿನಾ ಆತ್ರಿ ಬಳಿ ಇಡಿಸ್ಕೊಂಡು?"

ಮುದುಕಿಯ ದನಿ ಇಳಿಯಿತು. ಮಗ ಹೋದ ಮೇಲೆ ಬಳೆ ಇಡಿಸಿಕೊಂಡಿಲ್ಲ ಎಂದಳು. ಆಪಾ ಕೇಳದೆಯೇ ಅವಳ ಎಡಗೈ ತೆಗೆದುಕೊಂಡು ಗೆಣ್ಣು ಒತ್ತಿದರು, ಹಸಿರು ಬಳೆಗಳ ಒಂದು ಸರ ಬಿಚ್ಚಿ ಒಂದೊಂದಾಗಿ ಏರಿಸತೊಡಗಿದರು. ನಾನು ಬಾಗಿಲ ಬಳಿ ಪೆಟ್ಟಿಗೆಯ ಪಕ್ಕ ಕುಳಿತಿದ್ದೆ. ಒಳಮನೆಯ ಕತ್ತಲಲ್ಲಿ ಸೊಸೆ ನಿಂತಿದ್ದು ಕಾಣುತ್ತಿತ್ತು. ಕೆಮ್ಮು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ನನ್ನ ಗುರುತು ಹಿಡಿದು ಬಿಳಿಚಿಕೊಂಡಳು.

ಕೈ ಇನ್ನೊಬ್ಬರ ಮಡಿಲಲ್ಲಿದ್ದರೆ ಬಾಯಿ ಸಡಿಲಾಗುತ್ತದೋ ಏನೋ. ಮುದುಕಿ ತಾನೇ ಶುರು ಮಾಡಿದಳು. "ನನ್ನ ಮಗಾನೂ ಹಿಂಗ ಕೆಮ್ಮಿ ಕೆಮ್ಮಿ ಹ್ವಾದ. ಈಗ ಈಕೀದು ಸುರುವಾಗೈತಿ. ಉಣ್ಣಂಗಿಲ್ಲ, ತಿನ್ನಂಗಿಲ್ಲ. ಏನಾಗೇತಿ ಅಂತ ಕೇಳಿದ್ರ ಅಳತಾಳ. ನನಗೇನ ತಿಳೀದಂಗಿಲ್ಲ ಅಂತ ಮಾಡ್ಯಾಳ. ಕೇಳಾಕ ಹೆದರಿಕಿ ಆಕ್ಕೈತಿ ಬೂಬವ್ವ. ಆಕಿ ಅದ ಜಡ್ಡು ಹೌದು ಅಂದ್ರ ನಾ ಏನ ಮಾಡ್ಲಿ?"

ಆಪಾರ ಕೈ ನಿಂತಿತು. ಅವರು ಏನು ಮಾಡಲಿದ್ದಾರೆ ಎಂದು ನನಗೆ ಗೊತ್ತಾಯಿತು. ಬೇಡ ಎಂದು ಕಣ್ಣಿನಲ್ಲೇ ಹೇಳಿದೆ. ಈ ಮಾತು ಈ ಮನೆಯಿಂದ ಹೊರಬಿದ್ದರೆ ಮೂರು ತಾಲೂಕಿನ ಯಾವ ಹೆಂಗಸೂ ಅವರಿಗೆ ಕೈ ಕೊಡುವುದಿಲ್ಲ. ಅವರು ಉಣ್ಣುವ ಅನ್ನ ಅದು.

"ಅವ್ವಾರ, ನಿಮ್ಮ ಸೊಸಿ ಸುದ್ದಿ ನನಗ ಬ್ಯಾಡ. ನನ್ನ ಸುದ್ದಿ ಹೇಳತೀನಿ, ಕೇಳ್ರಿ" ಎಂದರು ಆಪಾ. ದನಿ ಸಣ್ಣದಾಗಿತ್ತು. "ನನಗ ಎಚ್‌ಐವಿ ಐತಿ. ನನ್ನ ಗಂಡ ಅದರಾಗ ಹ್ವಾದ್ರು. ನಾನೂ ಹೋಗತಿದ್ದೆ. ಎಂಟ ವರ್ಷ ಆತು, ದಿನಾ ಎರಡ ಹೊತ್ತು ಗುಳಗಿ ನುಂಗತೀನಿ. ಉಣತೀನಿ, ತಿರಗತೀನಿ, ನಿಮ್ಮಂಥಾವ್ರ ಕೂಡ ಜಗಳಾ ಆಡತೀನಿ. ಇದ ಕೈಲೆ ನಿಮ್ಮ ಕೈ ಹಿಡದೇನಿ. ಹಿಡದ್ರ ಹತ್ತೂದಿಲ್ಲ ಅದು. ಆದ್ರೂ ನಿಮಗ ಬ್ಯಾಡ ಅನಿಸಿದ್ರ ಹೇಳ್ರಿ, ಬಿಡತೀನಿ."

ಮುದುಕಿ ತನ್ನ ಕೈಯನ್ನೇ ನೋಡುತ್ತಿದ್ದಳು. ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

"ಗುಳಗಿ ನುಂಗಿದ್ರ ಎಂಟ ವರ್ಷ ಇರತಾರೇನ?"

"ಎಂಟಕ್ಕ ಯಾಕ ನಿಂದರತೀರಿ ಅವ್ವಾರ. ನಾ ಇನ್ನ ಎಲ್ಲಿ ಹೊಂಟೇನಿ?"

"ನನ್ನ ಮಗಗ ಯಾರೂ ಹೇಳಲಿಲ್ಲ" ಎಂದಳು ಮುದುಕಿ. ಅಷ್ಟು ಹೇಳಿ ಅತ್ತುಬಿಟ್ಟಳು. ಆಪಾ ಕೈ ಬಿಡಲಿಲ್ಲ. ಒಳಗಿನಿಂದ ಸೊಸೆ ಹೊರಬಂದು ಹೊಸ್ತಿಲ ಮೇಲೆ ಕುಳಿತಳು. "ಅತ್ತೀ..." ಎಂದು ಕೈಮುಗಿದಳು. ಹೇಳುವುದು ಏನೂ ಉಳಿದಿರಲಿಲ್ಲ.

ಮುದುಕಿ ಕಣ್ಣೊರೆಸಿಕೊಂಡು ಎದ್ದು ನಿಂತಳು. "ಇಲ್ಲೆ ಕತ್ತಲಿ ಐತಿ. ಏಳು ಬೂಬವ್ವ, ಹೊರಗ ಕಟ್ಟಿ ಮ್ಯಾಲೆ ಕುಂಡ್ರೂಣು. ಇನ್ನೊಂದ ಕೈ ಉಳದೈತಿ. ಓಣಿ ಮಂದಿ ನೋಡ್ಲಿ, ಈ ಮನ್ಯಾಗ ಬಳಿ ಯಾರ ಇಡಿಸ್ಕೊಂಡ್ರು ಅಂತ."

ನಾನು ಪೆಟ್ಟಿಗೆ ಎತ್ತಿ ಹೊರಗಿಟ್ಟೆ. ಕಟ್ಟೆಯ ಮೇಲೆ, ಎದುರು ಮನೆಗಳ ಹೆಂಗಸರೆಲ್ಲ ನೋಡುತ್ತಿರುವಾಗ, ಮುದುಕಿ ಬಲಗೈ ಚಾಚಿ ಒಂದು ಡಜನ್ ಹಸಿರು ಬಳೆ ಇಡಿಸಿಕೊಂಡಳು. ಅಡ್ಡ ನಿಂತು ಕೇಳಿದ್ದ ಆ ಹೆಂಗಸೂ ನಿಧಾನವಾಗಿ ಬಂದು, ಕೆಂಪು ಬಳೆ ಇವೆಯೇ ಎಂದು ವಿಚಾರಿಸಿದಳು.

ವಾಪಸು ಬರುವ ಬಸ್ಸಿನಲ್ಲಿ ಆಪಾ ಕಿಟಕಿಗೆ ತಲೆಯಾನಿಸಿ ಕುಳಿತಿದ್ದರು. ಹೆದರಿಕೆಯಾಗಲಿಲ್ಲವೇ ಎಂದು ಕೇಳಿದೆ. "ಆಗಲಿಲ್ಲ ಅಂದ್ರ ಸುಳ್ಳು ಆಕ್ಕೈತ್ರಿ. ಆಕಿ ಕೈ ಎಳಕೊಂಡಿದ್ರ ನಾ ಅಲ್ಲೇ ಸತ್ತಂಗ ಆಗತಿದ್ದೆ" ಎಂದರು. ಮುಂದಿನ ದಿನಗಳಲ್ಲಿ ಅವರ ಸುದ್ದಿ ಒಂದೆರಡು ಊರುಗಳಿಗೆ ಮುಟ್ಟಿತು, ಕೆಲವು ಬಾಗಿಲು ಮುಚ್ಚಿದ್ದೂ ನಿಜ. ಆದರೆ ಹೊಳೆದಂಡೆಯ ಆ ಓಣಿ ಮಾತ್ರ ಕೊನೆಯವರೆಗೂ ಅವರ ಕೈಯಿಂದಲೇ ಬಳೆ ಇಡಿಸಿಕೊಂಡಿತು.

ಆ ಬಳೆ ಇಡಿಸಿದ ಮರುದಿನ ಬೆಳಿಗ್ಗೆ ನಾನು ಕೇಂದ್ರದ ಬಾಗಿಲು ತೆರೆಯುವಾಗ ಅತ್ತೆ, ಸೊಸೆ, ಕಂಕುಳಲ್ಲಿ ಮಗು, ಮೂವರೂ ಮೆಟ್ಟಿಲ ಮೇಲೆ ಕುಳಿತಿದ್ದರು. ಮೊದಲ ಬಸ್ಸಿಗೇ ಬಂದಿದ್ದರು. ಆಪಾ ಅವರಿಗೆ ಚಹಾ ತರಲು ಹೋಗಿದ್ದರು. ಅವರನ್ನು ಒಳಗೆ ಕರೆದು ನಾನು ಮೇಜಿಗೆ ಕುಳಿತಾಗ ಮುದುಕಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಏನಪಾ, ನಿನ್ನೆ ಪೆಟಗಿ ಹೊತ್ತಿದ್ದಿ, ಇವತ್ತ ಕುರ್ಚಿ ಮ್ಯಾಲೆ ಕುಂತಿ?" ಎಂದಳು. ನಾನು ನಕ್ಕು ಸೊಸೆಯ ಕಾರ್ಡು ಮುಂದೆಳೆದುಕೊಂಡೆ. ಗುಳಿಗೆ ನಿಲ್ಲಿಸಿದ್ದು ಎಷ್ಟು ದಿನ, ಕೆಮ್ಮು ಯಾವಾಗಿನಿಂದ ಎಂದೆಲ್ಲ ಮೆಲ್ಲಗೆ ಕೇಳಿ ಬರೆದುಕೊಂಡು, ಡಾಕ್ಟರು ಪರೀಕ್ಷೆ ಮಾಡಿ ಮತ್ತೆ ಶುರು ಮಾಡುತ್ತಾರೆ ಎಂದೆ. ಇನ್ನು ಮುಂದೆ ತಪ್ಪಿಸಬಾರದಮ್ಮ ಎಂದು ಹೇಳುವಷ್ಟರಲ್ಲಿ ಮುದುಕಿ ಬಳೆ ತುಂಬಿದ ಕೈಯನ್ನು ನನ್ನ ಮೇಜಿನ ಮೇಲೆ ಊರಿದಳು.

"ಆಕಿಗೆ ಏನೂ ಹೇಳಬ್ಯಾಡ. ತಪ್ಪಿದ್ರ ನನ್ನ ಕೇಳು. ಕೊಡಾಕಿ ನಾನು."

ಕಾರ್ಡಿನ ಕೆಳಗೆ 'ಮನೆಯಲ್ಲಿ ನೆನಪಿಸುವವರು' ಎಂಬ ಒಂದು ಸಾಲಿದೆ. ಆ ಹುಡುಗಿ ನಮ್ಮಲ್ಲಿಗೆ ಬಂದ ಮೊದಲ ದಿನದಿಂದ ಅದು ಖಾಲಿಯಿತ್ತು. ನಾನು ಪೆನ್ನು ತೆಗೆದು ಅಲ್ಲಿ 'ಅತ್ತೆ' ಎಂದು ಬರೆದೆ.